ತೊಟ್ಟಿಲ ಪಕ್ಕದ ಸ್ಟೂಲು

ನಿನ್ನೆ ಸಂಜೆ ಬಾಣಂತಿಯಾದ ತಂಗಿಯ ಮಗಳನ್ನು ಮಾತನಾಡಿಸಿಕೊಂಡು ಬರೋಣವೆಂದು ದಾವಣಗೆರೆಯ ವಿದ್ಯಾನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಕೂಸಿಗೆ ಇನ್ನೂ 26 ದಿನ. ಕೋಣೆಯ ಬಾಗಿಲು ತಳ್ಳಿದ ಕೂಡಲೇ ನೀಲಗಿರಿ ಎಣ್ಣೆಯ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಎರಡೂ ಕಿಟಕಿಗಳನ್ನು ಮುಚ್ಚಿ, ಗಾಳಿ ಸೋಕಬಾರದೆಂದು ಸಂದಿಗೆ ಹಳೆಯ ಸೀರೆಯ ತುಂಡು ತುರುಕಿದ್ದರು. ತೊಟ್ಟಿಲಿನಿಂದ ಒಂದು ಗೇಣು ದೂರದಲ್ಲಿ, ಸ್ಟೂಲಿನ ಮೇಲೆ, ಯಾರೋ ಉಡುಗೊರೆಯಾಗಿ ಕೊಟ್ಟ, ಎಣ್ಣೆಯ ಪರಿಮಳವನ್ನು ಕೋಣೆಗೆ ಹರಡುವ ಡಿಫ್ಯೂಸರ್ ಯಂತ್ರ ನೀಲಿ ದೀಪ ಉರಿಸಿಕೊಂಡು ಬಿಳಿಯ ತುಂತುರನ್ನು ಬಿಡುತ್ತಿತ್ತು. ಆ ತುಂತುರು ಎರಡು ಗೇಣು ಮೇಲೇರಿ, ಅಲ್ಲಿಂದ ಬಾಗಿ, ತೊಟ್ಟಿಲ ಅಂಚನ್ನು ದಾಟಿ ಕೂಸಿನ ಕುಲಾವಿಯ ಮೇಲೆ ಇಳಿಯುತ್ತಿತ್ತು. ಕುಲಾವಿಯ ಉಣ್ಣೆಯ ಎಳೆಗಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿಗಳು ಕೂತಿದ್ದವು. ಅದೇ ಗಾಳಿಯನ್ನು ಆ ಮಗು ಬೆಳಗಿನಿಂದ ಉಸಿರಾಡುತ್ತಿತ್ತು.

ನಾನು ಯಾರನ್ನೂ ಕೇಳದೆ ಸ್ವಿಚ್ ಆರಿಸಿ, ಅದನ್ನು ಎತ್ತಿಕೊಂಡು ಹೋಗಿ ಹಾಲ್‌ನಲ್ಲಿಟ್ಟು, ಒಂದು ಕಿಟಕಿಯನ್ನು ತೆರೆದೆ. ತಂಗಿಗೆ ಬೇಸರವಾಯಿತು. "ಅಕ್ಕಾ, ಕೂಸಿಗೆ ನೆಗಡಿ ಆಗಬಾರದು ಅಂತ ಇಟ್ಟಿದ್ದೀವಿ, ನೀನು ಬಂದವಳೇ ಹಿಂಗೆ ಮಾಡೋದಾ?" ಎಂದಳು. ಅವಳ ಮನಸ್ಸು ನೋಯಿಸಿದ್ದಕ್ಕೆ ನನಗೂ ನೋವಿದೆ, ಆದರೆ ಮಾಡಿದ ಕೆಲಸಕ್ಕೆ ಪಶ್ಚಾತ್ತಾಪವಿಲ್ಲ. ಡಿಫ್ಯೂಸರ್ ಬಗ್ಗೆ ನನಗೆ ದ್ವೇಷವಿಲ್ಲ, ನಮ್ಮ ಮನೆಯಲ್ಲೂ ಒಂದಿದೆ. ನನ್ನ ತಕರಾರು ಅದನ್ನು ಇಡುವ ಜಾಗದ್ದು. ಇತ್ತೀಚೆಗೆ ಹೋದ ಮನೆಗಳಲ್ಲೆಲ್ಲ ಅದು ಮಲಗುವ ಕೋಣೆಯಲ್ಲಿ, ಅದರಲ್ಲೂ ತಲೆದಿಂಬಿನ ಪಕ್ಕದಲ್ಲಿಯೇ ಇರುತ್ತದೆ.

ಈ ಯಂತ್ರ ಎಣ್ಣೆಯನ್ನು ಕಾಯಿಸುವುದಿಲ್ಲ. ನೀರಿನ ತಳದಲ್ಲಿರುವ ಒಂದು ಪುಟ್ಟ ಬಿಲ್ಲೆ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಸಲ ಕಂಪಿಸಿ, ನೀರನ್ನೂ ಅದರಲ್ಲಿ ಬೆರೆತ ಎಣ್ಣೆಯನ್ನೂ ಕಣ್ಣಿಗೆ ಹೊಗೆಯಂತೆ ಕಾಣುವಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಹೊಗೆಯಾದರೆ ಬಿಸಿಯಿಂದ ಮೇಲೇರುತ್ತದೆ, ಈ ತಣ್ಣನೆಯ ತುಂತುರು ಕೆಳಗಿಳಿಯುತ್ತದೆ. ಹತ್ತಿರದಲ್ಲಿ ತಗ್ಗಿನಲ್ಲಿ ಮಲಗಿದವರ ಮುಖಕ್ಕೇ ಅದು ಮೊದಲು ಬರುತ್ತದೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ನವಜಾತ ಶಿಶು 40ರಿಂದ 60 ಸಲ ಉಸಿರಾಡುತ್ತದೆ. ನೀಲಗಿರಿ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಸಿನಿಯೋಲ್ ಎಂಬ ರಾಸಾಯನಿಕ. ಎಳೆಯ ಮಕ್ಕಳಲ್ಲಿ ಅದು ಗಂಟಲಿನ ಧ್ವನಿಪೆಟ್ಟಿಗೆಯನ್ನು ಒಮ್ಮೆಲೇ ಬಿಗಿಯುವಂತೆ ಮಾಡಬಲ್ಲದು ಎಂಬ ಕಾರಣಕ್ಕೆ, 30 ತಿಂಗಳು ತುಂಬದ ಮಕ್ಕಳಿಗೆ ಆ ಎಣ್ಣೆಯನ್ನು ಬಳಸಲೇಬಾರದೆಂದು ಯುರೋಪಿನ ಔಷಧ ಸಂಸ್ಥೆ ಹೇಳಿದೆ. ಕರ್ಪೂರ ಮತ್ತು ಪುದೀನ ಸತ್ವದ ಎಣ್ಣೆಗಳನ್ನೂ ಕೂಸಿನ ಬಳಿ ತರಬಾರದು. ಆ ಕೋಣೆಯಲ್ಲಿದ್ದುದು 26 ದಿನದ ಮಗು!

ತಂಗಿ ಇನ್ನೊಂದು ಮಾತು ಹೇಳಿದಳು: "ನಾವೆಲ್ಲ ಲೋಬಾನದ ಹೊಗೆಯಲ್ಲೇ ಬೆಳೆದವರಲ್ಲವಾ, ನಮಗೇನಾಯಿತು?" ನಿಜ, ನಮ್ಮ ಅವ್ವ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಿಡಿಯುತ್ತಿದ್ದರು. ಆದರೆ ನಾಲ್ಕು ನಿಮಿಷದಲ್ಲಿ ಆ ಕೆಂಡ ಹೊರಗೆ ಹೋಗುತ್ತಿತ್ತು, ಹೆಂಚಿನ ಸಂದಿಗಳಲ್ಲಿ ಹೊಗೆಯೂ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಮನೆಯ ಹತ್ತಡಿ ಕೋಣೆಯಲ್ಲಿ, ನೀರು ತೀರುವವರೆಗೂ ನಡೆಯುವ ಯಂತ್ರವನ್ನು ಅದಕ್ಕೆ ಹೋಲಿಸಲಾಗದು. ಇಷ್ಟಕ್ಕೂ ಲೋಬಾನದ ಹೊಗೆಯೂ ಕೂಸಿನ ಎದೆಗೆ ಒಳ್ಳೆಯದಲ್ಲವೆಂದು ಮಕ್ಕಳ ವೈದ್ಯರು ಹೇಳುತ್ತಲೇ ಇದ್ದಾರೆ.

ನಮ್ಮ ಅಪ್ಪನ ವಿಷಯ ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ವಾರದ ರಜೆ ಮುಗಿಸಿ ಪಾಳಿಗೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತಿತ್ತು, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ಉಸಿರೆಳೆಯುತ್ತಿದ್ದರು. ಕಣ್ಣಿಗೆ ಕಾಣದ ಹತ್ತಿಯ ದೂಳು ಏನು ಮಾಡಬಲ್ಲದೆಂದು ಆ ಸದ್ದು ಕೇಳಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಂಗಿಯೂ ಅದೇ ಮನೆಯಲ್ಲಿ ಬೆಳೆದವಳು. ನನ್ನ ಕೋಪ ಅಷ್ಟು ಏರಿದ್ದು ಅದಕ್ಕೇ.

ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನನ್ನ ಮಗ ಎಂಟು ತಿಂಗಳಿನವನಿದ್ದಾಗ ಅವನ ಮೂಗು ಕಟ್ಟಿತೆಂದು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ದಿಂಬಿನ ಬಳಿ ಇಟ್ಟಿದ್ದೆ. ನಡುರಾತ್ರಿ ಅವನು ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಉಸಿರಿನಲ್ಲಿ ಸೀಟಿಯಂಥ ಸದ್ದು ಬರತೊಡಗಿತು. ವೈದ್ಯರು ಮೊದಲು ಕೇಳಿದ್ದೇ "ಏನು ಹಚ್ಚಿದಿರಿ?" ಎಂದು. ಮಗ ಚೇತರಿಸಿಕೊಂಡ. ಮನೆಯಲ್ಲಿ ನಾನು ಚಳಿಗಾಳಿಯಿಂದ ಹಾಗಾಯಿತೆಂದು ಹೇಳಿದೆ. ತಂಗಿಗೆ ಈ ಮಾತನ್ನು ಆಗಲೇ ಹೇಳಿದ್ದರೆ ನಿನ್ನೆಯ ಪ್ರಸಂಗವೇ ಇರುತ್ತಿರಲಿಲ್ಲ.

ಹಾಗಾದರೆ ಅದನ್ನು ಎಲ್ಲಿಡಬೇಕು? ಹಾಲ್‌ನಲ್ಲಿ, ಸುಮಾರು ಮೂರಡಿ ಎತ್ತರದ ಮೇಜಿನ ಮೇಲೆ, ಜನ ಕೂರುವ ಜಾಗದಿಂದ ನಾಲ್ಕು ಮಾರು ಆಚೆ, ಬಾಗಿಲೋ ಕಿಟಕಿಯೋ ತೆರೆದಿರುವ ಕಡೆ ಇಡಬೇಕು. ನೆಲದ ಮೇಲಿಟ್ಟರೆ ನೆಲವೇ ಒದ್ದೆಯಾಗುತ್ತದೆ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಕೂಲರ್ ಹಾಕದೆ ಗತಿಯಿಲ್ಲ, ಆದರೆ ಕೂಲರ್ ಎದುರಿಗೋ ಫ್ಯಾನಿನ ನೇರ ಕೆಳಗೋ ಇಟ್ಟರೆ ಪರಿಮಳವೆಲ್ಲ ಒಂದೇ ಮೂಲೆಗೆ ಹೋಗಿ ಬೀಳುತ್ತದೆ. ಟಿವಿಯ ಪಕ್ಕ ಬೇಡ, ಹನಿ ಒಳಗೆ ಇಳಿಯುತ್ತದೆ. ಪಾಲಿಶ್ ಮಾಡಿದ ತೇಗದ ಮೇಜಿನ ಮೇಲಿಡುವುದಾದರೆ ಕೆಳಗೊಂದು ತಟ್ಟೆ ಇರಲಿ. ಬೋರ್ ನೀರು ಹಾಕಿದರೆ ಅದರಲ್ಲಿರುವ ಸುಣ್ಣದಂಶವೂ ಹನಿಯೊಂದಿಗೆ ಹಾರಿ ಸುತ್ತಲೂ ಬಿಳಿ ಪುಡಿಯಾಗಿ ಕೂರುತ್ತದೆ, ಆದ್ದರಿಂದ ಆರ್‌ಒ ಫಿಲ್ಟರ್ ನೀರನ್ನೇ ಹಾಕಿ. 100 ಮಿಲಿ ಲೀಟರ್ ನೀರಿಗೆ ಮೂರು ಹನಿ ಎಣ್ಣೆ, ಅರ್ಧ ಗಂಟೆ ಹಚ್ಚಿ ಆರಿಸುವುದು, ನಮ್ಮ ಮನೆಯ ಲೆಕ್ಕ ಇಷ್ಟೇ. ಬೆಕ್ಕು ಸಾಕಿದವರು ಇನ್ನೂ ಎಚ್ಚರವಾಗಿರಬೇಕು: ಈ ಎಣ್ಣೆಗಳ ಹಲವು ಅಂಶಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಆಸ್ತಮಾ ಇರುವವರ ಮನೆಯಲ್ಲಿ, ಎಲ್ಲಿಟ್ಟರೂ ಸರಿಯೇ ಎಂದು ನಾನು ಹೇಳಲಾರೆ.

ಇಂದು ಬೆಳಿಗ್ಗೆ ಬಾಣಂತಿಯೇ ಫೋಟೋ ಕಳಿಸಿ, "ದೊಡ್ಡಮ್ಮ, ನೋಡಿ" ಎಂದು ಬರೆದಿದ್ದಾಳೆ. ಸ್ಟೂಲಿನ ಮೇಲೆ ಕೂಸಿನ ಮಡಚಿದ ಬಟ್ಟೆಗಳಿವೆ, ಕಿಟಕಿಯ ಸಂದಿಯಲ್ಲಿದ್ದ ಸೀರೆಯ ತುಂಡು ಇಲ್ಲ. ಡಿಫ್ಯೂಸರನ್ನು ಎಲ್ಲಿಟ್ಟಿರಿ ಎಂದು ಕೇಳಿದೆ. ಅವಳ ಅಮ್ಮ ಅದನ್ನೂ ಎಣ್ಣೆಯ ಸೀಸೆಯನ್ನೂ ದೇವರ ಕೋಣೆಯಲ್ಲಿ, ನಂದಾದೀಪದ ಪಕ್ಕ ಇಟ್ಟಿದ್ದಾಳಂತೆ. ಬೇಗ ಹೊತ್ತಿಕೊಳ್ಳುವ ಎಣ್ಣೆ ಅದು. ಸೀಸೆಯನ್ನು ಈಗಲೇ ಅಲ್ಲಿಂದ ತೆಗೆಯಲು ಫೋನಿನಲ್ಲಿ ಹೇಳಿದ್ದೇನೆ, ಸಂಜೆ ಮತ್ತೆ ವಿದ್ಯಾನಗರಕ್ಕೆ ಹೋಗಿ ತಂಗಿಯ ಎದುರು ಕೂತು ಮಗನ ವಿಷಯವನ್ನೂ ಹೇಳಿ ಬರುತ್ತೇನೆ.