ಮುಟ್ಟಿನ ಪ್ಯಾಡ್ ಮ್ಯಾಲಿನ ಟ್ಯಾಕ್ಸ್ ಪೂರ್ತಿ ಹೋಗಿಲ್ರಿ

ನಿನ್ನೆ ಸೂಪರ್ ಮಾರ್ಕೆಟ್ ಕಡಿ ಒಂದು ಮೆಡಿಕಲ್‌ನ್ಯಾಗ ಅವ್ವನ ಬಿಪಿ ಗುಳಿಗಿ ತಗೊಳ್ಳಾಕ ನಿಂತಿದ್ದೆ. ಬಾಜೂಕ ಒಬ್ಬಾಕಿ ಹೆಣ್ಮಗಳು, ತೊಗರಿ ಕೊಯ್ಯಾಕ ಹೋಗಿ ಬಂದಾಳ ಅಂತ ಕೈ ನೋಡಿದ್ರೇ ತಿಳೀತಿತ್ತು, ಮಗಳ ಸಲುವಾಗಿ ಪ್ಯಾಡ್ ಕೇಳಿದಳು. ರೇಟ್ ಕೇಳಿ ಸೆರಗಿನ ಗಂಟು ಬಿಚ್ಚಿ ಎಣಿಸಿ "ಇದಕಿಂತ ಸಣ್ಣ ಪಾಕೀಟ್ ಇಲ್ಲೇನ್ರೀ ಅಣ್ಣಾ" ಅಂದಳು. ಅಂಗಡಿಯವ್ರು "ಇದರ ಮ್ಯಾಲ ಟ್ಯಾಕ್ಸೇ ಇಲ್ಲಬೇ ಯಕ್ಕಾ, ಇನ್ನೆಷ್ಟು ಕಡಿಮಿ ಮಾಡ್ಲಿ" ಅಂದ್ರು. ಅವ್ರದೇನೂ ತಪ್ಪಿಲ್ಲ, ಆದ್ರ ಆ ಮಾತಿಗೆ ನನ್ನ ತಲಿ ಕೆಟ್ಟು ಹೋತು.

ಟ್ಯಾಕ್ಸ್ ಅದ. ಪಾಕೀಟಿನ ಮ್ಯಾಲ ಕಾಣಲ್ಲ, ಅಷ್ಟೇ.

2017ರ ಜುಲೈ 1ಕ್ಕ ಜಿಎಸ್‌ಟಿ ಬಂದಾಗ ಕುಂಕುಮ, ಬಿಂದಿ, ಗಾಜಿನ ಬಳಿಗೆ ಸೊನ್ನಿ, ಪ್ಯಾಡ್‌ಗೆ ಮಾತ್ರ 12%. ದೇಶದ ತುಂಬ ಹೆಣ್ಮಕ್ಕಳು ಕೂಗಾಡಿದ ಮ್ಯಾಲ 2018ರ ಜುಲೈದಾಗ ತೆಗದ್ರು. ನಾನೂ ಅವತ್ತು ಖುಷಿಪಟ್ಟೆ. ಆದ್ರ ತೆಗೆದದ್ದು ಮಾರೂವಾಗ ಹಾಕೂ ಟ್ಯಾಕ್ಸ್ ಅಷ್ಟೇ. ಪ್ಯಾಡ್ ಒಳಗಿನ ನೀರು ಹೀರೂ ಪುಡಿ, ಕೆಳಗಿನ ಪ್ಲಾಸ್ಟಿಕ್ ಹಾಳಿ, ಅಂಟು, ಇವಕ್ಕೆಲ್ಲ ಮಾಡೋರು 18% ಕೊಟ್ಟೇ ತರಬೇಕು. ಬ್ಯಾರೆ ಸಾಮಾನಾದ್ರ ಆ ರೊಕ್ಕ ಇನ್‌ಪುಟ್ ಕ್ರೆಡಿಟ್ ಅಂತ ಹೊಳ್ಳಿ ಸಿಗ್ತದ, ಮಾಫಿ ಮಾಡಿದ ಸಾಮಾನಿಗೆ ಸಿಗಲ್ಲ. ಮತ್ತ ಅದು ಎಲ್ಲಿ ಹೋಗ್ತದ? ರೇಟಿನ್ಯಾಗ ಸೇರ್ತದ.

ನಾ ಲೆಕ್ಕ ಬರಿಯೋ ಕೆಲಸದಾಕಿ, ಪ್ಯಾಡ್ ಮಾಡೂ ಒಂದು ಮಹಿಳಾ ಸಂಘದ ಖರೀದಿ ಬಿಲ್ ನಾನೇ ನೋಡ್ತೀನಿ. ಪ್ರತಿ ಬಿಲ್ಲಿನ್ಯಾಗೂ ಸಿಜಿಎಸ್‌ಟಿ ಅಂತ ಕೇಂದ್ರದ ಪಾಲು 9%, ಎಸ್‌ಜಿಎಸ್‌ಟಿ ಅಂತ ರಾಜ್ಯದ ಪಾಲು 9%, ಹೊಳ್ಳಿ ಒಂದು ಪೈಸಾ ಬರಲ್ಲ. ಹೊರದೇಶದಾಗ ತಯಾರಾಗಿ ಬರೋ ಪ್ಯಾಡ್‌ಗೂ ಇಲ್ಲಿ ಐಜಿಎಸ್‌ಟಿ, ಅಂದ್ರ ಆಮದು ಮಾಲಿನ ಮ್ಯಾಲಿನ ಜಿಎಸ್‌ಟಿ, ಮಾಫಿ; ಅದರ ಕಚ್ಚಾಮಾಲಿಗೆ ನಮ್ಮ ಈ 18% ಬೀಳಲ್ಲ. ಕೈಯಿಂದ ಮಷಿನ್ ಒತ್ತೋ ನಮ್ಮ ಅಕ್ಕಂದಿರು ಅದರ ಜೋಡಿ ಹ್ಯಾಂಗ ಪೈಪೋಟಿ ಮಾಡ್ಬೇಕ್ರೀ?

ಸರ್ಕಾರದ ಸೋವಿ ಔಷಧಿ ಅಂಗಡಿ ಜನೌಷಧಿದಾಗ 1 ರೂಪಾಯಿಗೆ ಒಂದು ಪ್ಯಾಡ್ ಸಿಗ್ತದ, ಸಾಲಿ ಹುಡುಗಿಯರಿಗೆ ಪುಕ್ಕಟ ಪ್ಯಾಡ್ ಕೊಡೂ ರಾಜ್ಯ ಸರ್ಕಾರದ ‘ಶುಚಿ’ ಯೋಜನಾ ಅದ ಅಂತ ಕಾಮೆಂಟ್ ಹಾಕೋರು ಬರ್ತೀರಿ, ಗೊತ್ತು. ಒಳ್ಳೇವೇ, ಬ್ಯಾಡ ಅನ್ನಲ್ಲ. ಆದ್ರ ಆ ಅಂಗಡಿ ಎಷ್ಟು ಹಳ್ಳ್ಯಾಗ ಅದಾವ? ಶುಚಿ ನಡುವ ಕೆಲವು ವರ್ಷ ನಿಂತೇ ಹೋಗಿತ್ತು, ಆಗ ಆ ಹುಡುಗಿಯರು ಏನ್ ಮಾಡಿದ್ರು ಅಂತ ಯಾರರೆ ಕೇಳಿದ್ರಾ? ಮತ್ತ ಸಾಲಿ ಬಿಟ್ಟು ಹೊಲಕ್ಕ ಹೋಗೂ ಹುಡುಗಿ, ಆಕಿ ಅವ್ವ, ಇವ್ರಿಗೆ ಯಾವ ಯೋಜನಾ?

ಬಟ್ಟಿ ಬಳಸ್ಲಿ ಅನ್ನೋರೂ ಇದ್ದೀರಿ. ಬಟ್ಟಿ ಬಳಸೇ ದೊಡ್ಡಾಕಿ ಆದಾಕಿ ನಾ. ಬ್ಯಾಸಿಗ್ಯಾಗ ಕುಡಿಯಾಕ ನೀರು ಇಲ್ಲದ ಊರಾಗ ಅದನ್ನ ಒಗೀಬೇಕು, ಗಂಡಸರು ನೋಡ್ತಾರಂತ ಪೆಟಿಕೋಟ್ ಕೆಳಗ ಮುಚ್ಚಿ ಒಣ ಹಾಕಬೇಕು, ಅರ್ಧಾ ಒಣಗಿದ್ದೇ ಮತ್ತ ಕಟಗೋಬೇಕು. ತೊಡಿ ಸಂದಿ ಸುಲದು ನಡೀಲಿಕ್ಕ ಆಗ್ತಿದ್ದಿಲ್ಲ. ಇದನ್ನ ಇವತ್ತಿನ ತನಕ ಎಲ್ಲೂ ಬರದಿದ್ದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸಾಬೂನು, ಶಾಂಪೂ, ಟೂತ್‌ಪೇಸ್ಟ್ ಜಿಎಸ್‌ಟಿದಾಗ 18%ರಿಂದ 5%ಕ್ಕ ಇಳದ್ವು, ಕೂಸಿನ ಡೈಪರ್ 12%ರಿಂದ 5%ಕ್ಕ. ಭಾಳ ಚಲೋ ಆತು. ಅಷ್ಟೆಲ್ಲ ದರ ಕುಂತು ತಿದ್ದಿದವ್ರಿಗೆ ಪ್ಯಾಡಿನ ಕಚ್ಚಾಮಾಲಿನ ಈ ಗಂಟು ಬಿಚ್ಚೂದು ದೊಡ್ಡ ಕೆಲಸೇನಲ್ಲ. ಎಕ್ಸ್‌ಪೋರ್ಟ್ ಮಾಡೋರಿಗೆ ಜೀರೋ ರೇಟ್ ಅಂತ ಅದ, ಮಾರಾಟಕ್ಕೂ ಟ್ಯಾಕ್ಸ್ ಇಲ್ಲ, ಕಚ್ಚಾಮಾಲಿಗೆ ಕೊಟ್ಟದ್ದೂ ರಿಫಂಡ್. ಹೊರದೇಶಕ್ಕ ಹೋಗೂ ಮಾಲಿಗೆ ಸಿಗೂ ಈ ಸವಲತ್ತು ಕಲಬುರಗಿ ಜಿಲ್ಲಾದ ಜೇವರ್ಗಿ, ಚಿಂಚೋಳಿ ಹೆಣ್ಮಗಳು ಕೊಳ್ಳೋ ಪ್ಯಾಡ್‌ಗೆ ಯಾಕ ಬ್ಯಾಡ? ಕಾನೂನು ತಿದ್ದಬೇಕಾಗ್ತದ ಅಂತಾರ. ತಿದ್ರಿ. ಈ ದರ ಠರಾಯಿಸೂ ಜಿಎಸ್‌ಟಿ ಕೌನ್ಸಿಲ್‌ನ್ಯಾಗ ನಮ್ಮ ರಾಜ್ಯದ ಮಂತ್ರಿಗಳೂ ಕೂಡ್ತಾರ, ಮುಂದಿನ ಸಭೆದಾಗ ಇದನ್ನ ಎತ್ತಲೇಬೇಕು. ಸಂಘದವ್ರ ಬಿಲ್ ಎಲ್ಲಾ ಜೋಡಿಸಿ ಮನವಿ ಬರಿಯಾಕ ಕುಂತೀನಿ, ಸಹಿ ಹಾಕೋರು ಇನ್‌ಬಾಕ್ಸಿಗೆ ಬರ್ರಿ.