ಕೊಸರಿಗೆ ಬಂದ ಬ್ಯಾಕ್ಟೀರಿಯಾ

ನಮ್ಮ ಬೀದಿಗೆ ಬರುವ ಸೊಪ್ಪಿನ ಅಮ್ಮನಿಗೆ ದಿನಾ ಬೆಳಗ್ಗೆ ವಿಚಾರಣೆ. "ಎಲ್ಲಿಂದ ತಂದ್ರಿ? ಮೋರಿ ನೀರಲ್ಲಿ ಬೆಳೆದದ್ದಲ್ಲ ತಾನೆ? ಮೊನ್ನೆ ಪಾಲಕ್‌ನಲ್ಲಿ ಹುಳ ಇತ್ತು!" ನಾನು ಕೇಳಿ ಮುಗಿಸುವಷ್ಟರಲ್ಲಿ ಕೊತ್ತಂಬರಿ ಬಾಡಿರುತ್ತದೆ.

ಅದೇ ನಾನು ಸಂಜೆ ನೆಗಡಿ ಅಂತ ಮೆಡಿಕಲ್ ಶಾಪ್‌ಗೆ ಹೋದೆ.

"ಹೋದ ಸಲದ ಆಂಟಿಬಯೋಟಿಕ್ ಕೊಡಿ."

"ಎಷ್ಟು ಸಾರ್?"

"ಮೂರು ಸಾಕು."

ಕತ್ತರಿ ಬಂತು, ಸ್ಟ್ರಿಪ್ ತುಂಡಾಯಿತು. ಚೀಟಿ ಇಲ್ಲ, ಪ್ರಶ್ನೆ ಇಲ್ಲ, ಚೌಕಾಸಿಯೂ ಇಲ್ಲ. 2014ರಿಂದ ಶೆಡ್ಯೂಲ್ ಎಚ್1 ಅಂತ ಒಂದು ನಿಯಮವಿದೆ. ಅದರ ಪಟ್ಟಿಯಲ್ಲಿರುವ ಆಂಟಿಬಯೋಟಿಕ್‌ಗಳನ್ನು ಡಾಕ್ಟರ ಚೀಟಿ ನೋಡಿಯೇ ಮಾರಬೇಕು, ರೋಗಿಯ ಹೆಸರು ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ನಮ್ಮ ಅಂಗಡಿಯ ರಿಜಿಸ್ಟರ್ ಪ್ರಕಾರ ಬಡಾವಣೆಯವರೆಲ್ಲ ಗುಂಡುಕಲ್ಲಿನಂತೆ ಇರಬೇಕು.

ನೆಗಡಿ ತರುವುದು ವೈರಸ್. ಬ್ಯಾಕ್ಟೀರಿಯಾ ಕೊಲ್ಲುವ ಈ ಮಾತ್ರೆ ಅದರ ಕೂದಲೂ ಕೊಂಕಿಸಲ್ಲ. ಆದರೆ ಹೊಟ್ಟೆಯಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳಲ್ಲಿ ಸಾಧುಗಳು ಸತ್ತು, ಭಂಡರು ಉಳಿಯುತ್ತಾರೆ. ಉಳಿದವರು ಶೌಚಾಲಯದ ದಾರಿ ಹಿಡಿದು ಮೋರಿಗೆ, ಮೋರಿಯಿಂದ ವೃಷಭಾವತಿ ನದಿಗೆ. ಆ ನೀರು ಹರಿಯುವ ದಾರಿಯಲ್ಲಿ ಹೊಲಗಳೂ ಇವೆ ಅಲ್ವಾ? ಇವುಗಳ ನಡುವೆ ಒಳ್ಳೆಯ ನೆರೆಹೊರೆ ಬೇರೆ. ನಾವು ಪಕ್ಕದ ಮನೆಯಲ್ಲಿ ಮೊಸರಿನ ಹೆಪ್ಪು ಇಸಕೊಂಡ ಹಾಗೆ, ಔಷಧಿಗೆ ಜಗ್ಗದ ಗುಣ ಕೊಡುವ ಜೀನನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಕೊಡುತ್ತದೆ. ಜಾತಿ ನೋಡಲ್ಲ. ನಮಗಿಂತ ವಾಸಿ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಅಂಗಡಿಯಲ್ಲಿ ಯಾರು ಬೇಕಾದರೂ ಇದನ್ನು ಕೊಳ್ಳುವ ಕಾಲ ಬರಬಹುದು, ತಿಳಿಯದವರು ಕಡಿಮೆ ಡೋಸ್ ನುಂಗಿ ರೋಗಾಣುವನ್ನು ಗಟ್ಟಿ ಮಾಡಬಹುದು ಎಂದು. ನಮ್ಮ ಬೀದಿಯ ತಿರುವು ಅವರಿಗೆ ಅಲ್ಲಿಂದಲೇ ಕಂಡಿತ್ತು.

ಸೊಪ್ಪು ಬಸ್ಸಾರಿಗೆ ಹೋದರೆ ಚಿಂತೆಯಿಲ್ಲ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಕೂಡ ಕುದಿಯುವ ನೀರಿಗೆ ಜಗ್ಗುತ್ತದೆ. ಕೋಸಂಬರಿ, ಚುರುಮುರಿ ಮೇಲೆ ಹಸಿ ಕೊತ್ತಂಬರಿ ಉದುರಿಸಿದಾಗಲೇ ಅದಕ್ಕೆ ಹಬ್ಬ. ನಾನಂತೂ ನಲ್ಲಿ ಕೆಳಗೆ ಎರಡು ಸಲ ಒದರಿ, ತೊಳೆದೆ ಅಂದುಕೊಳ್ಳುತ್ತೇನೆ.

ಎರಡು ಮಾತ್ರೆಗೇ ನೆಗಡಿ ಇಳಿಯಿತು, ಅಥವಾ ಅದಾಗಿಯೇ ಇಳಿಯಿತು. ಇವತ್ತು ಬೆಳಗ್ಗೆ ವಿಚಾರಣೆ ಮುಗಿಸಿ ಕೊಸರಿಗೆ ಕರಿಬೇವು ಕೇಳಿದೆ. ಸೊಪ್ಪಿನ ಅಮ್ಮ ಸೀನುತ್ತಾ, "ನೆಗಡಿ ಸಾರ್, ಮನೇಲಿ ಮಾತ್ರೆ ಗೀತ್ರೆ ಮಿಕ್ಕಿದ್ರೆ ಕೊಡಿ" ಅಂದರು.

ಒಂದು ಮಿಕ್ಕಿತ್ತು. ಕೊಟ್ಟೆ. ಕರಿಬೇವಿನ ಜೊತೆ ಒಂದು ಕಟ್ಟು ಪುದೀನವೂ ಬಂತು.