ನೆಲವೇ ಡೊಂಕು ಸ್ವಾಮಿ!

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಕಟ್ಟಿದವರು ಗಾಲ್ಫ್ ನೋಡಿರಲಿಕ್ಕಿಲ್ಲ. ಉಳಿದೆಲ್ಲ ಆಟಕ್ಕೂ ನೆಲ ಸಪಾಟಾಗಿರಬೇಕು. ಇದೊಂದಕ್ಕೆ ಮಾತ್ರ ಸಪಾಟು ನೆಲವನ್ನು ಕೋಟಿಗಟ್ಟಲೆ ಸುರಿದು ಡೊಂಕು ಮಾಡಿಸಬೇಕು. ಅದಕ್ಕೆಂದೇ ವಿಮಾನ ಹತ್ತಿ ವಿನ್ಯಾಸಗಾರ ಬರುತ್ತಾನೆ, ದಿಬ್ಬ ಎಬ್ಬಿಸುತ್ತಾನೆ, ಗುಂಡಿ ತೋಡಿ ಮರಳು ತುಂಬಿಸುತ್ತಾನೆ. ಬೆಂಗಳೂರಿನ ರಸ್ತೆಯಲ್ಲಿ ಬಿಟ್ಟಿ ಸಿಗುವ ಗುಂಡಿಗೆ ಇಲ್ಲಿ ಬಂಕರ್ ಎಂದು ಹೆಸರು, ಮೇಲೆ ಬಿಲ್ಲು. ಇಷ್ಟೆಲ್ಲ ಆದಮೇಲೆ ಭಾನುವಾರ ಬೆಳಗ್ಗೆ ಸದಸ್ಯರು ಬಂದು, ನಾಲ್ಕು ಚೆಂಡು ಕಳೆದು, ದೂರುಪುಸ್ತಕ ತರಿಸಿ ಬರೆಯುತ್ತಾರೆ: ನೆಲ ಡೊಂಕು.

ನೆಲದ ಮೇಲೆ ತಪ್ಪು ಹೊರಿಸುವ ಮುಂಚೆ ಕೋಲಿನ ಮೇಲೆ ಹೊರಿಸುವುದು ವಾಡಿಕೆ. ಕೋಲು ಬದಲಾಯಿಸಬಹುದು, ಕೈ ಬದಲಾಯಿಸಲಾಗದು. ಇದನ್ನು ಕೋಲು ಮಾರುವವರು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿದ್ದಾರೆ.

ನಂಬರು ಇಳಿದಷ್ಟೂ ಚೆಂಡು ದೂರ ಹೋಗುವ ಐರನ್ ಎಂಬ ಕೋಲುಗಳಲ್ಲಿ ಸೆವೆನ್ ಐರನ್ ಒಂದನ್ನೇ ನೋಡಿ. ನಾಲ್ಕು ದಶಕದ ಹಿಂದೆ ಅದರ ಮುಖದ ಓರೆ, ಅಂದರೆ ಲಾಫ್ಟು, 36 ಡಿಗ್ರಿಯ ಆಸುಪಾಸಿನಲ್ಲಿತ್ತು. ಈಗ ಹವ್ಯಾಸಿಗಳಿಗೆಂದೇ ಮಾಡುವ ಸೆವೆನ್ನಿನಲ್ಲಿ 28ರಿಂದ 30. ಓರೆ ಇಳಿದಷ್ಟೂ ಚೆಂಡು ದೂರ ಹೋಗುತ್ತದೆ. ಹಳೇ ಫೈವ್ ಐರನ್ನಿಗೆ 7 ಎಂದು ಅಚ್ಚು ಒತ್ತಿದ್ದಾರೆ, ಅಷ್ಟೆ. ಸೊಂಟ 38 ಇರುವವನಿಗೆ 34 ಎಂಬ ಚೀಟಿ ಹೊಲಿದ ಪ್ಯಾಂಟು ಕೊಟ್ಟರೆ ಅವನು ಅಂಗಡಿಯವನನ್ನು ಹರಸುತ್ತಾನಲ್ಲ, ಹಾಗೆ. ತಲೆಯ ಭಾರವನ್ನು ತಳಕ್ಕೆ ಇಳಿಸಿರುವುದರಿಂದ ಓರೆ ಕಡಿಮೆಯಿದ್ದರೂ ಚೆಂಡು ಮೇಲೇಳುತ್ತದೆ, ಆ ಜಾಣ್ಮೆಯನ್ನು ಒಪ್ಪಲೇಬೇಕು. ಆದರೆ "ಹೊಸ ಸೆಟ್ಟು ತಗೊಂಡೆ ನೋಡಿ, ಸೆವೆನ್ನಲ್ಲೇ ನೂರೈವತ್ತು ಗಜ" ಎಂದು ಎದೆಯುಬ್ಬಿಸುವವರು ಹಳೇ ಸೆಟ್ಟಿನ ಫೈವ್ ಎಷ್ಟು ಹೋಗುತ್ತಿತ್ತೆಂದು ಒಮ್ಮೆ ಜ್ಞಾಪಿಸಿಕೊಂಡರೆ ಉಬ್ಬಿದ್ದು ತಾನಾಗಿ ಇಳಿಯುತ್ತದೆ.

ಅಸಲಿ ತಮಾಷೆ ಸೆಟ್ಟಿನ ಕೊನೆಯಲ್ಲಿದೆ. ಎಲ್ಲ ನಂಬರನ್ನೂ ಹೀಗೆ ಜಗ್ಗುತ್ತಾ ಬಂದರೆ ಹತ್ತಿರದ ಹೊಡೆತಕ್ಕಿರುವ ಪಿಚಿಂಗ್ ವೆಡ್ಜ್ ಕೂಡ ಜಗ್ಗಲೇಬೇಕು. ಹಿಂದೆ 48ರಿಂದ 50 ಡಿಗ್ರಿ ಇದ್ದ ಅದು ಈಗ 43ಕ್ಕೆ ಬಂದು ನಿಂತಿದೆ. ಆದರೆ ಮರಳಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಡ್ಜನ್ನು ಜಗ್ಗಲಾಗದು. ಅದರ 56 ಡಿಗ್ರಿ ಇಳಿಸಿದರೆ ಚೆಂಡು ಗುಂಡಿಯಲ್ಲೇ ಸಂಸಾರ ಹೂಡುತ್ತದೆ. ಹಾಗಾಗಿ ನಡುವೆ 13 ಡಿಗ್ರಿಯ ಕಂದಕ ಬಿತ್ತು. ನಾಲ್ಕು ಡಿಗ್ರಿಗೆ ಹೆಚ್ಚುಕಮ್ಮಿ ಹತ್ತು ಗಜದ ವ್ಯತ್ಯಾಸ ಎಂದರೂ ಮೂವತ್ತು ಗಜದ ಹಳ್ಳ. ಆ ಹಳ್ಳ ತುಂಬಲು ಗ್ಯಾಪ್ ವೆಡ್ಜ್ ಎಂಬ ಹೊಸ ಕೋಲು ಬೇಕು, ಅದಕ್ಕೆ ಬೇರೆ ಬೆಲೆ. ಹಳ್ಳ ತೋಡಿದವನೇ ಸೇತುವೆಗೂ ಟೆಂಡರ್ ಹಾಕುವುದು ನಮ್ಮ ಲೋಕೋಪಯೋಗಿ ಕಾಮಗಾರಿಗಳಲ್ಲಿ ಮಾತ್ರ ಎಂದುಕೊಂಡವರು ಈ ಚೀಲವನ್ನು ಒಮ್ಮೆ ಬಿಚ್ಚಿ ನೋಡಬೇಕು. ನಿಯಮದ ಪ್ರಕಾರ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲು ಇರುವಂತಿಲ್ಲ. ಇಲ್ಲದಿದ್ದರೆ ಚೀಲ ಹೊರಲು ಕ್ಯಾಡಿಯ ಬದಲು ಟೆಂಪೋ ಬೇಕಾಗುತ್ತಿತ್ತು.

ಮೊದಲ ಹೊಡೆತವನ್ನು ದೂರ ಅಟ್ಟುವ ಕೋಲು, ಡ್ರೈವರಿಗೆ ಬರೋಣ. ಅದರ ತಲೆ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ಮುಖ ಸ್ಪ್ರಿಂಗಿನಂತೆ ಚಿಮ್ಮುವುದಕ್ಕೂ ಮಿತಿಯಿದೆ. ಈ ಮಿತಿಗಳು ಬಂದು ಇಪ್ಪತ್ತು ವರ್ಷ ಆಗಿದೆ, ಹೆಸರುಳ್ಳ ಕಂಪನಿಗಳೆಲ್ಲ ಅಂಚಿಗೆ ಬಂದು ನಿಂತೂ ಅಷ್ಟೇ ಕಾಲವಾಯಿತು. ಆದರೂ ಪ್ರತಿ ವರ್ಷದ ಜಾಹೀರಾತಿನಲ್ಲಿ ಹತ್ತು ಗಜ ಹೆಚ್ಚಾಗುತ್ತಲೇ ಇದೆ. ಆ ಲೆಕ್ಕ ನಿಜವಾಗಿದ್ದರೆ ಇಷ್ಟರಲ್ಲಿ ಇನ್ನೂರು ಗಜ ಕೂಡಿಕೊಂಡು, 1876ರಿಂದ ಹೈಗ್ರೌಂಡ್ಸಿನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ಹೊಡೆದ ಚೆಂಡು ಸ್ಯಾಂಕಿ ರಸ್ತೆ ದಾಟಿ ಪಂಚತಾರಾ ಹೋಟೆಲಿನ ಕಾಫಿ ಬಟ್ಟಲಿಗೆ ಬೀಳಬೇಕಿತ್ತು. ಅಳತೆ ಮಾಡಿದವರ ಪ್ರಕಾರ ಹವ್ಯಾಸಿ ಗಂಡಸರ ಸರಾಸರಿ ಡ್ರೈವು 215 ಗಜದ ಆಸುಪಾಸು. ಬಾರಿನಲ್ಲಿ ಕೇಳಿದರೆ ಮಾತ್ರ 260.

ಬೆಂಗಳೂರಿನವರ ಲೆಕ್ಕದಲ್ಲಿ ಇನ್ನೊಂದು ಉಚಿತ ಭಾಗ್ಯವೂ ಸೇರಿದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ನೂರಕ್ಕೆ ಮೂರ್ನಾಲ್ಕರಂತೆ ಏಳೆಂಟು ಗಜ ಪ್ರಸ್ಥಭೂಮಿಯೇ ಸೇರಿಸಿ ಕೊಡುತ್ತದೆ. ಅದೇ ಮಹಾಶಯರು ಚೆನ್ನೈಗೆ ಹೋಗಿ ಹೊಡೆದಾಗ ಚೆಂಡು ಮುಂಚೆಯೇ ಬಿದ್ದರೆ, "ಇಲ್ಲಿ ತೇವ ಜಾಸ್ತಿ, ಗಾಳಿ ಭಾರ" ಎನ್ನುತ್ತಾರೆ. ತೇವದ ಗಾಳಿ ಒಣಗಾಳಿಗಿಂತ ಹಗುರ. ನೀರಾವಿ ಹಗುರ ಎಂಬುದು ಹೈಸ್ಕೂಲಿನ ಪಾಠ, ಆದರೆ ಟೀ, ಅಂದರೆ ಮೊದಲ ಹೊಡೆತದ ಕಟ್ಟೆ, ಅದರ ಮೇಲೆ ನಿಂತವರಿಗೆ ಭೌತಶಾಸ್ತ್ರ ಅನ್ವಯಿಸುವುದಿಲ್ಲ.

ಕೋಲಿನ ದಂಡ, ಅಂದರೆ ಶಾಫ್ಟಿನ ವಿಷಯದಲ್ಲಿ ಪೌರುಷದ ಪ್ರಶ್ನೆ ಇದೆ. ಗಂಟೆಗೆ 95 ಮೈಲಿಗಿಂತ ನಿಧಾನವಾಗಿ ಬೀಸುವವರಿಗೆ ರೆಗ್ಯುಲರ್ ಶಾಫ್ಟ್ ಸಾಕು, ಹವ್ಯಾಸಿಗಳಲ್ಲಿ ಬಹುಪಾಲು ಮಂದಿ ಅಲ್ಲೇ ಇರುವವರು. ಆದರೆ "ರೆಗ್ಯುಲರ್" ಎಂದು ಬರೆದ ಕೋಲು ಹಿಡಿಯುವುದು ಮರ್ಯಾದೆಯೇ? ಸ್ಟಿಫ್ ಬೇಕು, ಅದೂ ಟೀವಿಯಲ್ಲಿ ಬರುವವರಂತೆ 9 ಡಿಗ್ರಿ ಓರೆಯದು. ಗಟ್ಟಿ ಶಾಫ್ಟು ನಿಧಾನದ ಬೀಸಿಗೆ ಬಾಗದೆ, ಕೋಲಿನ ಮುಖ ತೆರೆದೇ ಉಳಿದು, ಚೆಂಡು ಕೆಳಮಟ್ಟದಲ್ಲಿ ಬಲಕ್ಕೆ ತಿರುಗಿ ಸಿಲ್ವರ್ ಓಕ್ ಮರಕ್ಕೆ ಬಡಿಯುತ್ತದೆ. ಆಗ ತೀರ್ಪು: ಈ ಡ್ರೈವರಿನಲ್ಲಿ ಏನೋ ದೋಷವಿದೆ. ಐವತ್ತು–ಅರವತ್ತು ಸಾವಿರ ಕೊಟ್ಟು ಇನ್ನೊಂದು ಬರುತ್ತದೆ.

ಇಷ್ಟರ ನಡುವೆ ಚೀಲದಲ್ಲಿ ಯಾರೂ ನೋಡದ ಒಂದು ಭಾಗವಿದೆ. ಅದೇ ಗ್ರಿಪ್ಪು, ಕೋಲಿನ ರಬ್ಬರು ಹಿಡಿ. ಬೆವರು, ಸನ್‌ಸ್ಕ್ರೀನು, ಎರಡು ಮಳೆಗಾಲದ ತೇವ ಎಲ್ಲ ಕುಡಿದು ರಬ್ಬರು ಗಾಜಿನಂತೆ ನುಣ್ಣಗಾಗಿರುತ್ತದೆ. ಜಾರುವ ಗ್ರಿಪ್ಪನ್ನು ಕೈ ಬಿಗಿಯಾಗಿ ಹಿಸುಕುತ್ತದೆ, ಹಿಸುಕಿದರೆ ಮುಂಗೈ ಬಿಗಿಯುತ್ತದೆ, ಮುಂಗೈ ಬಿಗಿದರೆ ಮುಖ ಮುಚ್ಚಿಕೊಳ್ಳುವುದಿಲ್ಲ, ಚೆಂಡು ಮತ್ತೆ ಅದೇ ಸಿಲ್ವರ್ ಓಕ್‌ಗೆ. ಹಳೆಯದನ್ನು ಕೊಕ್ಕೆ ಬ್ಲೇಡಿನಿಂದ ಸೀಳಿ ತೆಗೆದು, ಎರಡೂ ಕಡೆ ಅಂಟುವ ಟೇಪು ಸುತ್ತಿ, ಗ್ರಿಪ್ಪಿನೊಳಗೂ ಟೇಪಿನ ಮೇಲೂ ಸಾಲ್ವೆಂಟ್ ಸುರಿದು, ಅದು ಆರುವ ಮುಂಚೆ ಒಂದೇ ಏಟಿಗೆ ಹೊಸದನ್ನು ತಳ್ಳಿ, ಗೆರೆ ನೇರವಾಗಿದೆಯೇ ನೋಡಿ, ರಾತ್ರಿಯಿಡೀ ಬಿಟ್ಟರೆ ಮುಗಿಯಿತು. ಒಂದಕ್ಕೆ ಐನೂರರಿಂದ ಸಾವಿರ ರೂಪಾಯಿ. ಇದನ್ನು ಯಾರೂ ಮಾಡಿಸುವುದಿಲ್ಲ. ಹೊಸ ಗ್ರಿಪ್ಪು ಹಾಕಿಸಿದೆ ಎಂದು ಬಾರಿನಲ್ಲಿ ಹೇಳಿದರೆ ಯಾರು ತಾನೇ ತಿರುಗಿ ನೋಡುತ್ತಾರೆ?

ಚೆಂಡಿನ ಕಥೆಯನ್ನು ಬೇಗ ಮುಗಿಸಬಹುದು, ಏಕೆಂದರೆ ಚೆಂಡೂ ಬೇಗ ಮುಗಿಯುತ್ತದೆ. ಡಜನ್ನಿಗೆ ಐದು ಸಾವಿರದ ಆಸುಪಾಸಿನ ಯುರೆಥೇನ್ ಹೊದಿಕೆಯ ಚೆಂಡಿನ ಗುಣವೆಲ್ಲ ಗ್ರೀನಿನ, ಅಂದರೆ ಕುಳಿಯಿರುವ ನುಣುಪು ಹುಲ್ಲಿನ ಅಂಗಳದ ಸುತ್ತ, ವೆಡ್ಜಿನಿಂದ ಹೊಡೆದಾಗ ಕಚ್ಚಿ ನಿಲ್ಲುವುದರಲ್ಲಿದೆ. ಗ್ರೀನು ತಲುಪುವ ಮೊದಲೇ ಕೆರೆ ಸೇರುವ ಚೆಂಡಿಗೆ ಆ ಗುಣದಿಂದ ಏನು ಉಪಯೋಗ, ಮೀನು ತಾನೇ ಹೇಳಬೇಕು. 2023ರ ಡಿಸೆಂಬರಿನಲ್ಲಿ, ಮುಂದೆ ಚೆಂಡಿನ ಓಟಕ್ಕೆ ಕಡಿವಾಣ ಹಾಕುತ್ತೇವೆಂದು ನಿಯಮ ಮಾಡುವ ಎರಡೂ ಸಂಸ್ಥೆಗಳು ಪ್ರಕಟಿಸಿದವು. ಹವ್ಯಾಸಿಗೆ ಆಗುವ ನಷ್ಟ ಐದು ಗಜದೊಳಗೆ ಎಂದು ಅವೇ ಹೇಳಿದವು. ಒಂದು ಸುತ್ತಿಗೆ ಮೂರು ಚೆಂಡು ಕಳೆಯುವವರು ಆ ಐದು ಗಜಕ್ಕಾಗಿ ಎದೆ ಬಡಿದುಕೊಂಡಷ್ಟು ಕಳೆದ ಚೆಂಡಿಗೂ ಬಡಿದುಕೊಂಡಿರಲಿಲ್ಲ.

ಇನ್ನು ಆ ಡೊಂಕು ನೆಲ. ಅದರ ಮೇಲಿನ ಹುಲ್ಲಿನ ಜಾತಕ ಕೇಳಿ. ಬರ್ಮುಡಾ ಗ್ರಾಸ್ ಎಂದು ಗೌರವದಿಂದ ಕರೆಯುವ ಅದು ನಮ್ಮ ಗಣಪನ ತಲೆಗೆ ಏರಿಸುವ ಗರಿಕೆಯೇ. ಅದಕ್ಕೆ ಆಫ್ರಿಕಾದ ಸೋದರನನ್ನು ಬೆರೆಸಿ ಅಮೆರಿಕದ ಜಾರ್ಜಿಯಾದ ಟಿಫ್ಟನ್ ಎಂಬ ಊರಿನಲ್ಲಿ ತಳಿ ಮಾಡಿ, ಟಿಫ್‌ಡ್ವಾರ್ಫ್ ಎಂದು ಹೆಸರಿಟ್ಟು ನಮಗೇ ಮಾರುತ್ತಾರೆ. ಚೌತಿಯ ದಿನ ಇಪ್ಪತ್ತೊಂದು ಎಸಳಿಗೆ ಹತ್ತು ರೂಪಾಯಿ ಕೇಳಿದ ಅಜ್ಜಿಯ ಜೊತೆ ಚೌಕಾಸಿ ಮಾಡಿದವರೇ ಇದರ ಬಿಲ್ಲಿಗೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಗ್ರೀನಿನ ಮೇಲೆ ಅದನ್ನು ಮೂರು ಮಿಲಿಮೀಟರಿನ ಆಸುಪಾಸಿಗೆ ಕತ್ತರಿಸಬೇಕು. ಅಷ್ಟು ಗಿಡ್ಡ ಮಾಡಿದ ಹುಲ್ಲು ಬಿಸಿಲಿಗೂ ಕಾಯಿಲೆಗೂ ಮಗುವಿನಂತೆ ಅಳುತ್ತದೆ. ಆದರೂ ಇನ್ನೂ ವೇಗ ಬೇಕು ಎಂಬ ಒತ್ತಡ ನಿಲ್ಲದು.

ವೇಗ ಅಳೆಯಲು ಸ್ಟಿಂಪ್‌ಮೀಟರ್ ಎಂಬ ಮೂರಡಿಯ ಅಲ್ಯೂಮಿನಿಯಂ ಪಟ್ಟಿ ಇದೆ. ಒಂದು ತುದಿ ನೆಲಕ್ಕಿಟ್ಟು, ಇನ್ನೊಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಗೆ ಕಚ್ಚಿನಿಂದ ಚೆಂಡು ಜಾರಿ ಉರುಳುತ್ತದೆ. ಅತ್ತ ಮೂರು ಚೆಂಡು, ಇತ್ತ ಮೂರು ಚೆಂಡು ಬಿಟ್ಟು ಸರಾಸರಿ ತೆಗೆದರೆ ಎಷ್ಟು ಅಡಿಯೋ ಅದೇ ವೇಗ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಇದನ್ನು ಯೋಚಿಸಿದ್ದು ಓಕ್‌ಮಾಂಟಿನಲ್ಲಿ ಅಮೆರಿಕನ್ ಓಪನ್ ಗಾಲ್ಫ್ ನೋಡಿದ ಮೇಲೆ. 1978ರಲ್ಲಿ ಅಲ್ಲಿನ ಸಂಸ್ಥೆ ಇದನ್ನು ಕ್ಲಬ್ಬುಗಳಿಗೆ ಹಂಚಿದ್ದು ಹದಿನೆಂಟೂ ಗ್ರೀನು ಒಂದೇ ಸಮ ಇವೆಯೇ ಎಂದು ಮಾಲಿ ನೋಡಿಕೊಳ್ಳಲಿ ಎಂದು. ನಮ್ಮಲ್ಲಿ ಅದು ಜಂಬದ ಅಂಕಿಯಾಗಿದೆ. ಷೂ ತುದಿಯಿಂದ ಹುಲ್ಲು ಸವರಿ "ಇವತ್ತು ಹತ್ತೂವರೆ ಇದೆ ಕಣ್ರೀ" ಎನ್ನುವವರು ಕುಳಿಗೆ ಉರುಳಿಸಲು ಮೂರು ಪಟ್ ಹೊಡೆದರೆ ಗ್ರೀನು ತೀರಾ ವೇಗ, ನಾಲ್ಕು ಹೊಡೆದರೆ ತೀರಾ ನಿಧಾನ.

ಗರಿಕೆ ಗ್ರೀನಿನಲ್ಲಿ ನೋಡಬೇಕಾದ್ದು ಬೇರೆ ಇದೆ. ಹುಲ್ಲು ಒಂದು ದಿಕ್ಕಿಗೆ ಮಲಗಿ ಬೆಳೆಯುತ್ತದೆ. ನಿಂತ ಕಡೆಯಿಂದ ಹೊಳಪಾಗಿ ಕಂಡರೆ ಹುಲ್ಲು ಅತ್ತ ಮಲಗಿದೆ, ಚೆಂಡು ಓಡುತ್ತದೆ. ಕಪ್ಪಾಗಿ ಕಂಡರೆ ಎದುರು ನಿಂತಿದೆ, ಚೆಂಡು ಮುಗ್ಗರಿಸುತ್ತದೆ. ಅನುಮಾನವಿದ್ದರೆ ಕುಳಿಯ ಅಂಚು ನೋಡಿ. ಒಂದು ಬದಿ ಚೂಪಾಗಿ, ಇನ್ನೊಂದು ಬದಿ ಕಂದಾಗಿ ಸವೆದಿರುತ್ತದೆ. ಹುಲ್ಲು ಮಲಗಿರುವುದು ಸವೆದ ಬದಿಗೆ. ಇಷ್ಟು ನೋಡಲು ಐದು ಸೆಕೆಂಡು. ಆದರೆ ಟೀವಿಯಲ್ಲಿ ಕಂಡಂತೆ ಕಾಲಗಲಿಸಿ ನಿಂತು, ಒಂದು ಕಣ್ಣು ಮುಚ್ಚಿ, ಎರಡು ಬೆರಳು ಎತ್ತಿ ಆಕಾಶಕ್ಕೆ ನಾಮ ಹಾಕುವಂತೆ ತೋರಿಸದಿದ್ದರೆ ಆಟ ಆಡಿದ ಹಾಗಾಗುವುದಿಲ್ಲ.

ಈ ನಾಟಕದ ಲೆಕ್ಕ ಒಮ್ಮೆ ಹಾಕಿ. ನಾಲ್ವರು, ತಲಾ 90 ಹೊಡೆತ, ಒಟ್ಟು 360. ಒಂದಕ್ಕೆ 40 ಸೆಕೆಂಡು ಮೀರಬೇಡಿ ಎಂದು ನಿಯಮಪುಸ್ತಕದ ಸಲಹೆ. ಅಷ್ಟಕ್ಕೇ ನಾಲ್ಕು ಗಂಟೆ. ಪ್ರತಿಯೊಬ್ಬರೂ ಪ್ರತಿ ಸಲ ಹತ್ತು ಸೆಕೆಂಡು ಹೆಚ್ಚಿಗೆ ಗಾಳಿಯಲ್ಲಿ ಬೀಸಿದರೆ ಇನ್ನೊಂದು ಗಂಟೆ. ಕಳೆದ ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಪೊದೆಯಲ್ಲಿ ನಾನೂರರ ಚೆಂಡು ಬಿದ್ದಾಗ ಗಡಿಯಾರ ನೋಡುವವರು ಯಾರು? ಹಿಂದೆ ಎರಡು ತಂಡ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತವೆ. ಹುಡುಕಲು ಹೊರಡುವ ಮುಂಚೆಯೇ "ಪ್ರೊವಿಷನಲ್", ಅಂದರೆ ತಾತ್ಕಾಲಿಕ ಚೆಂಡು ಎಂದು ಹೇಳಿ ಇನ್ನೊಂದು ಹೊಡೆದಿದ್ದರೆ ಮುಗಿಯುತ್ತಿತ್ತು, ಆದರೆ ಹಾಗೆ ಹೇಳಿದರೆ ಮೊದಲನೆಯದು ಕಳೆದುಹೋಯಿತು ಎಂದು ಒಪ್ಪಿಕೊಂಡಂತಲ್ಲವೇ.

ಆಟಗಾರನ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಲೆಕ್ಕ ಇನ್ನೂ ಸೊಗಸು: ಕಳೆದ 20 ಸುತ್ತಿನಲ್ಲಿ ಚೆನ್ನಾಗಿ ಆಡಿದ 8 ಮಾತ್ರ ಗಣನೆಗೆ. ಎಸ್ಸೆಸ್ಸೆಲ್ಸಿಯಲ್ಲೂ ಹೀಗಿದ್ದಿದ್ದರೆ ನಾಡಿನಲ್ಲಿ ಟ್ಯೂಷನ್ನೇ ಇರುತ್ತಿರಲಿಲ್ಲ.

ಕ್ಯಾಡಿಗಳದು ಬೇರೆಯೇ ವೇದಾಂತ. "ಸಾರ್, ಆರು ತಗೊಳ್ಳಿ, ಎದುರು ಗಾಳಿ." "ಬೇಡಪ್ಪ, ಎಂಟು ಸಾಕು." ಲೇಸರ್ ದುರ್ಬೀನು 147 ಗಜ ಎಂದು ಗಜವೂ ತಪ್ಪದೆ ಹೇಳಿರುತ್ತದೆ, ಹೊಡೆತ 120ಕ್ಕೆ ನಿಲ್ಲುತ್ತದೆ. ಕ್ಯಾಡಿ ಏನೂ ಅನ್ನುವುದಿಲ್ಲ. ಆರು ಮತ್ತೆ ಚೀಲಕ್ಕೆ, ಕೈಯಲ್ಲಿ ವೆಡ್ಜು ಸಿದ್ಧ. ದೂರ ಹೊಡೆಯುವುದೇ ಆಟ ಎಂದು ನಂಬಿದವರಿಗೆ ಅದಿತಿ ಅಶೋಕ್ ಹೆಸರು ಹೇಳಿ ನೋಡಿ. ಬೆಂಗಳೂರಿನ ಈ ಹುಡುಗಿ ಟೋಕಿಯೊ ಒಲಿಂಪಿಕ್ಸಿನಲ್ಲಿ ತಾಯಿಯನ್ನೇ ಕ್ಯಾಡಿ ಮಾಡಿಕೊಂಡು, ಡ್ರೈವಿನ ದೂರದಲ್ಲಿ ಬಹುಪಾಲು ಎಲ್ಲರ ಹಿಂದಿದ್ದು, ಪಟರಿನ ಬಲದಿಂದಲೇ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತಕ್ಕೆ. "ಅದು ಬಿಡಿ, ನನ್ನ ಹೊಸ ಡ್ರೈವರ್ ನೋಡಿದ್ರಾ?" ಎಂಬ ಉತ್ತರ ಬರುತ್ತದೆ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಮನೆಯಲ್ಲಿ ಅರ್ಧ ಬಕೆಟ್ಟಿನಲ್ಲಿ ಮೈ ಒದ್ದೆ ಮಾಡಿಕೊಂಡು ಬಂದವರಿಗೂ ಫೇರ್‌ವೇ ಎಂಬ ನಡುವಿನ ಹುಲ್ಲುದಾರಿ ಹಸಿರಾಗಿರಬೇಕು ಎಂಬ ಹಟ. ಕಂದು ಬಣ್ಣದ ಗಟ್ಟಿ ನೆಲದಲ್ಲಿ ಬಿದ್ದ ಚೆಂಡು ಇನ್ನೂ ಇಪ್ಪತ್ತು ಗಜ ಉರುಳುತ್ತದೆ, ಅಂಗಡಿಯವನು ಅರವತ್ತು ಸಾವಿರಕ್ಕೆ ಕೊಡಲಾಗದ್ದನ್ನು ಬರಗಾಲ ಪುಕ್ಕಟೆ ಕೊಡುತ್ತದೆ. ಆದರೂ ಮನಸ್ಸು ಒಪ್ಪದು. ಚಲ್ಲಘಟ್ಟದಲ್ಲಿ ಕೆರೆಯಿದ್ದ ಕಡೆ ಈಗ ಗಾಲ್ಫ್ ಮೈದಾನ. ಹೊಸ ನಿಯಮದಲ್ಲಿ ಆಟದ ಕೆರೆಗಳಿಗೆ "ಪೆನಾಲ್ಟಿ ಏರಿಯಾ" ಎಂದು ಹೆಸರು. ದಂಡ ಯಾರು ಕಟ್ಟಬೇಕು ಎಂಬುದನ್ನು ಮಾತ್ರ ನಿಯಮ ಆಟಗಾರರಿಗಷ್ಟೇ ಸೀಮಿತಗೊಳಿಸಿದೆ.

ಕೊನೆಗೆ, ಡೊಂಕು ನೆಲದ ಮುಖ್ಯ ಆರೋಪ: ಗ್ರೀನಿನ ತುಂಬ ಮೊಡವೆ. ಎತ್ತರದಿಂದ ಬಿದ್ದ ಚೆಂಡು ಅಲ್ಲಿ ಬಟ್ಟಲಿನಂಥ ತಗ್ಗು ಮಾಡುತ್ತದೆ. ಅದನ್ನು ಮುಚ್ಚಲು ಎರಡು ಹಲ್ಲಿನ ಪುಟ್ಟ ಫೋರ್ಕ್ ಇದೆ. ತಗ್ಗಿನ ಹೊರ ಅಂಚಿಗೆ ಚುಚ್ಚಿ, ಹುಲ್ಲನ್ನು ನಡುವಿಗೆ ತಳ್ಳಬೇಕು. ಸುತ್ತ ನಾಲ್ಕೈದು ಕಡೆ ಹೀಗೆ ಮಾಡಿ ಪಟರಿನ ತಳದಿಂದ ತಟ್ಟಿದರೆ ಕೆಲವೇ ದಿನಕ್ಕೆ ಹುಲ್ಲು ಕೂಡಿಕೊಳ್ಳುತ್ತದೆ. ಬಹುತೇಕರು ಇದನ್ನು ಮುಟ್ಟುವುದೇ ಇಲ್ಲ. ಮುಟ್ಟುವವರು ನಡುವಿಗೆ ಚುಚ್ಚಿ, ಮಸಾಲೆದೋಸೆ ಮಗುಚುವಂತೆ ಕೆಳಗಿನಿಂದ ಮೀಟಿ ಎತ್ತುತ್ತಾರೆ. ಬೇರು ಕಿತ್ತು, ಹುಲ್ಲು ಸತ್ತು, ವಾರಗಟ್ಟಲೆ ಅಲ್ಲೊಂದು ಬೋಳು ಮಚ್ಚೆ. ಮುಂದಿನ ಭಾನುವಾರ ಅದೇ ಮಚ್ಚೆಗೆ ತಾಗಿ ಎರಡಡಿಯ ಪಟ್ ತಿರುಗುತ್ತದೆ, ದೂರುಪುಸ್ತಕ ಬರುತ್ತದೆ. ಮಾಲಿ ಸಂಜೆ ಬಕೆಟ್ಟಿನಲ್ಲಿ ಮರಳು ಹಿಡಿದು ಗ್ರೀನಿನ ಮೇಲೆ ಮಂಡಿಯೂರಿ ಒಂದೊಂದೇ ಮುಚ್ಚುತ್ತಾನೆ. ಆ ಹೊತ್ತಿಗೆ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿಗೆ ಏರುತ್ತಿರುವ ಚೀಲದ ಪಕ್ಕದ ಜೇಬಿನಲ್ಲಿ, ಕ್ಲಬ್ಬಿನ ಲಾಂಛನವಿರುವ ಹಿತ್ತಾಳೆಯ ಫೋರ್ಕ್ ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇರುತ್ತದೆ.